ಗ್ಲಾಸ್ ಗಿಲ್ಡಿಂಗ್‌ಗೆ ಈ ವೈಟಿಂಗ್ ಪೌಡರ್ ಸೂಪರ್
ಗಾಜಿನ ಹಿಂಬದಿ ಗೋಲ್ಡ್ ಲೀಫ್ (ತೆಳು ಚಿನ್ನದ ಹಾಳೆ) ಅಂಟಿಸೋರು, ಅಂಟಿಸೋ ಮುಂಚೆ ಗಾಜು ಕ್ಲೀನ್ ಮಾಡೋಕೆ ಈ ಪೌಡರ್ ಧೈರ್ಯವಾಗಿ ತಗೊಳ್ಳಿ. ಮುಂಚೆ ಯಾವುದೋ ಒರಟು ಕ್ಲೀನರ್ ಹಾಕಿ ಉಜ್ಜಿ ಒಂದು ದೊಡ್ಡ ಪೀಸೇ ಹಾಳಾಯ್ತು, ಚಿನ್ನ ಕೂರೋವರೆಗೂ ಗೀರು ಕಾಣ್ಲೇ ಇಲ್ಲ, ಆಮೇಲೆ ಲೈಟ್ ಬಿದ್ರೆ ಕೂದಲೆಳೆ ಥರ ಗೆರೆಗಳು, ಅಳುನೇ ಬಂತು. ಇದು ನುಣ್ಣಗಿನ ಕ್ಯಾಲ್ಸಿಯಂ ಕಾರ್ಬೊನೇಟ್, ಗಡಸುತನ ಅಳೆಯೋ ಮೋಸ್ ಸ್ಕೇಲಲ್ಲಿ 3, ಗಾಜು ಸುಮಾರು 5.5, ಅದಕ್ಕೇ ಗೀರಲ್ಲ. ಆದ್ರೆ ಮರಳಿನ ಕಣ 7, ಹತ್ತಿಗೆ ಒಂದೇ ಒಂದು ಸಿಕ್ಕಿಕೊಂಡ್ರೂ ಕತೆ ಮುಗೀತು, ಸೋ ಮೊದಲು ಗಾಜನ್ನ ನೀರಲ್ಲಿ ತೊಳೆದು ಆಮೇಲೆ ಹೊಸ ಹತ್ತಿಲಿ ಈ ಪೌಡರ್‌ನ ಪೇಸ್ಟ್ ಹಚ್ಚಿ. ಡಬ್ಬಿ ಮುಚ್ಚಳ ಮಾತ್ರ ಸರಿಯಾಗಿ ಕೂರಲ್ಲ, ಧೂಳು ಸೇರುತ್ತೆ, ಬೇರೆ ಬಾಟಲಿಗೆ ಹಾಕಿಡಿ. ಈಗ ಚಿನ್ನ ಅಂಟಿಸೋ ಜೆಲಟಿನ್ ನೀರು ಹಚ್ಚಿದ್ರೆ ಹನಿಹನಿಯಾಗಿ ಒಡೀದೆ ಒಂದೇ ಸಮ ಹರಡುತ್ತೆ, ನೋಡೋಕೇ ಖುಷಿ.