ಒಂಬತ್ತು ವರ್ಷದ 50 ಎಂಎಂ ಲೆನ್ಸ್: ಛತ್ರ, ಆಲೆಮನೆ, ಅಜ್ಜಿಯ ಮೂಗುಬೊಟ್ಟು

2016ರ ದಸರಾಕ್ಕೆ ಸ್ವಲ್ಪ ಮುಂಚೆ ಮೈಸೂರಿನಲ್ಲಿ ಈ ಲೆನ್ಸ್ ತೆಗೆದುಕೊಂಡೆ. 50 ಎಂಎಂ, ಝೂಮ್ ಇಲ್ಲದ್ದು. ಎಫ್ 1.8; ಈ ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ. ಎಂಟು ಸಾವಿರ ಚಿಲ್ಲರೆ ಆಯಿತು. ಕಂಪನಿ ಹೆಸರು ಬರೆಯುವುದಿಲ್ಲ. ಯಾವ ಕಂಪನಿಯ ಅಗ್ಗದ 50 ಆದರೂ ಹೆಚ್ಚುಕಮ್ಮಿ ಇದೇ ಗುಣ, ಇದೇ ರೋಗ. ನಾನು ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಫೋಟೊ ತೆಗೆಯುವವನು. ಮನೆ ಮೈಸೂರು, ಊರು ಪಾಂಡವಪುರದ ಕಡೆ. ಒಂಬತ್ತು ವರ್ಷದಿಂದ ಈ ಲೆನ್ಸು ನನ್ನ ಜೊತೆ ಆ ರಸ್ತೆಯಲ್ಲಿ ಓಡಾಡಿಕೊಂಡಿದೆ.

ಮೊದಲು ಬೈದು ಮುಗಿಸುತ್ತೇನೆ. ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಒಳಗಿನ ಸೆನ್ಸರ್ ಚಿಕ್ಕದು. ಅದಕ್ಕೆ ಹಾಕಿದರೆ 50 ಅನ್ನುವುದು 75ರ ಹಾಗೆ ಕಾಣುತ್ತದೆ, ಫ್ರೇಮಿಗೆ ಹಿಡಿಸುವ ಜಾಗ ಕಮ್ಮಿ. ಛತ್ರದಲ್ಲಿ ಗ್ರೂಪ್ ಫೋಟೊ ಅಂದರೆ ಬೆನ್ನು ಗೋಡೆಗೆ ಅಂಟಿಸಿ ನಿಂತರೂ ಎರಡು ಕಡೆಯ ಸೋದರಮಾವಂದಿರು ಆಚೆಗೇ ಉಳಿಯುತ್ತಾರೆ. ಒಂದು ಸಲ ಸುಮ್ನೆ ಧೈರ್ಯ ಮಾಡಿ ಇದೊಂದನ್ನೇ ಹಿಡಿದುಕೊಂಡು ಮದುವೆಗೆ ಹೋಗಿದ್ದೆ. ಆಲ್ಬಂ ಕೊಟ್ಟ ದಿನ ಹುಡುಗಿಯ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಏನಪ್ಪ, ನಮ್ಮನ್ನ ಬಿಟ್ಟೇ ಹೊಡ್ದಿದ್ದೀಯಲ್ಲ?" ದುಡ್ಡಿನ ಕೆಲಸಕ್ಕೆ ಝೂಮ್ ಇರಲೇಬೇಕು. ರಂಗನತಿಟ್ಟಿಗೆ ಇದನ್ನು ತೆಗೆದುಕೊಂಡು ಹೋಗುವುದಂತೂ ದಂಡ. ದೋಣಿಯಲ್ಲಿ ಎಷ್ಟೇ ಹತ್ತಿರ ಹೋದರೂ ಕೊಕ್ಕರೆಗಳು ಮರದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬರುತ್ತವೆ.

ಇನ್ನೊಂದು ತಕರಾರು, 45 ಸೆಂ.ಮೀ.ಗಿಂತ ಹತ್ತಿರದ್ದಕ್ಕೆ ಇದು ಫೋಕಸ್ ಆಗುವುದಿಲ್ಲ. 2018ರಲ್ಲಿ ಮಗಳು ಹುಟ್ಟಿದಾಗ ಅವಳ ಮುಷ್ಟಿಯನ್ನು ಫ್ರೇಮ್ ತುಂಬ ತೆಗೆಯಬೇಕು ಅಂತ ಆಸೆ. ಬಾಣಂತಿ ಕೋಣೆಯಲ್ಲಿ ಕಿಟಕಿ ಅರ್ಧ ಮುಚ್ಚಿತ್ತು. ಫ್ಲ್ಯಾಶ್ ಹೊಡೆಯಲು ಅತ್ತೆ ಬಿಡುತ್ತಿರಲಿಲ್ಲ. ಮೋಟರ್ ಗೊರ್ರ್ ಅಂತ ಮುಂದೆ ಹಿಂದೆ ಓಡಿ ಕೈಚೆಲ್ಲಿತು. ಹಿಂದೆ ಸರಿದು ತೆಗೆದೆ. ಈಗ ಆ ಫೋಟೊದಲ್ಲಿ ಮುಷ್ಟಿ ಮೂಲೆಯಲ್ಲಿದೆ. ಉಳಿದ ಜಾಗದಲ್ಲಿ ಹೆಂಡತಿಯ ಹಸಿರು ಬಳೆ, ನನ್ನ ಅಮ್ಮನ ಹಳೆ ಸೀರೆಯ ಹಾಸು, ಸಾಂಬ್ರಾಣಿ ಹೊಗೆ. ಮುಷ್ಟಿಯೊಂದೇ ಬಂದಿದ್ದರೆ ಅದು ಯಾರ ಮಗುವಿನದಾದರೂ ಆಗಬಹುದಿತ್ತು, ಅಲ್ವಾ?

ಬೆಳಕಿನ ವಿಷಯಕ್ಕೆ ಬಂದರೆ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸು 50ರ ಹತ್ತಿರ ಬಂದಾಗ ಎಫ್ 5.6ಕ್ಕೆ ನಿಂತುಬಿಡುತ್ತದೆ. ಇದು 1.8. ಅಂದರೆ ಸುಮಾರು ಹತ್ತು ಪಟ್ಟು ಬೆಳಕು. ಈ ಲೆಕ್ಕ ನನಗೆ ಅರ್ಥವಾಗಿದ್ದು ಚಿಕ್ಕಪ್ಪನ ಆಲೆಮನೆಯಲ್ಲಿ. ಸಂಜೆ ಕಳೆದ ಮೇಲೆ ಅಲ್ಲಿ ಇರುವುದು ಒಲೆಯ ಉರಿ ಮತ್ತು ಒಂದು ಹಳದಿ ಬಲ್ಬು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಆವಿ ಸೂರಿನವರೆಗೂ ಏಳುತ್ತದೆ. ಒಳಗೆ ಕಾಲಿಟ್ಟ ತಕ್ಷಣ ಲೆನ್ಸಿನ ಗಾಜು ಮಂಜು ಹಿಡಿಯುತ್ತದೆ. ಒರೆಸಬೇಡಿ, ಹತ್ತು ನಿಮಿಷ ಸುಮ್ಮನೆ ಕೂತಿರಿ. ಗಾಜು ಬೆಚ್ಚಗಾದರೆ ತಾನೇ ಬಿಡುತ್ತದೆ. ಅಷ್ಟರಲ್ಲಿ ಯಾರಾದರೂ ಬಿಸಿ ಬೆಲ್ಲ ತಂದು ಕೊಟ್ಟೇ ಕೊಡುತ್ತಾರೆ.

ಪಾಕ ಬಂತೋ ಇಲ್ಲವೋ ಅಂತ ನೋಡಲು ಚಿಕ್ಕಪ್ಪ ಅದರ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಎರಡು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಆ ಹೊತ್ತಿನಲ್ಲಿ ಅವರು ಉಸಿರೂ ಬಿಡುವುದಿಲ್ಲ. ಅದಕ್ಕೇ ಶಟರ್ 1/60 ಸೆಕೆಂಡಿನಷ್ಟು ನಿಧಾನ ಇಟ್ಟರೂ ಕೈ ಅಲುಗದೆ ಬಂತು. ಬೆರಳು, ನೀರಿನ ಬಟ್ಟಲು, ಅಷ್ಟೇ ಚೂಪು. ಹಿಂದಿನ ಉರಿ ಬರೀ ಕಿತ್ತಳೆ ಬಣ್ಣ. ನಾನು ತೆಗೆದ ಫೋಟೊಗಳಲ್ಲಿ ಗೋಡೆಗೆ ಹಾಕಿರುವುದು ಎರಡು. ಇದು ಒಂದು.

ಅರಮನೆ ದೀಪ ಯಾರಿಗೆ ಗೊತ್ತಿಲ್ಲ? ಭಾನುವಾರ ಸಂಜೆ ಏಳಕ್ಕೆ ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತುತ್ತವೆ. ಇಡೀ ಅರಮನೆ ಈ ಲೆನ್ಸಿಗೆ ಹಿಡಿಸಲ್ಲ, ಆಸೆ ಬಿಡಿ. ಮನೆಯವರನ್ನು ದೀಪಕ್ಕೆ ಬೆನ್ನು ಮಾಡಿ ನಿಲ್ಲಿಸಿ, 1.8ರಲ್ಲೇ ತೆಗೆಯಿರಿ. ಬಲ್ಬುಗಳೆಲ್ಲ ದುಂಡಗೆ ಬೂಂದಿ ಕಾಳಿನ ಹಾಗೆ ಉಬ್ಬುತ್ತವೆ. ನನ್ನ ಲೆನ್ಸಿನಲ್ಲಿ 2.8 ಇಟ್ಟರೆ ಅವೇ ಮೂಲೆ ಮೂಲೆಯಾಗಿ ಬರುತ್ತವೆ, ಚೆನ್ನಾಗಿರಲ್ಲ.

ದೇವರಾಜ ಮಾರುಕಟ್ಟೆಯಲ್ಲಿ ಇದು ಬೇರೆ ಪಾಠ ಹೇಳಿತು. ಝೂಮ್ ಇಲ್ಲ, ಹಾಗಾಗಿ ಮುಖ ಬೇಕಿದ್ದರೆ ಎದುರಿಗೇ ಹೋಗಿ ನಿಲ್ಲಬೇಕು. ನಿಂತ ಮೇಲೆ ಮಾತಾಡಲೇಬೇಕು. ಒಂದು ಮಾರು ಮಲ್ಲಿಗೆ ಕೊಂಡರೆ ಇನ್ನೂ ಒಳ್ಳೆಯದು. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೂ ಹೋದವು. ಆ ಮಕ್ಕಳು ಕ್ಯಾಮೆರಾಗೆ ಹೆದರಿದ ಹಾಗೆ ಕಾಣುವುದೇ ಇಲ್ಲ. ನನಗೆ ಆ ಕೈ ಇನ್ನೂ ಬಂದಿಲ್ಲ.

ರೋಗದ ವಿಷಯ. ನಾಲ್ಕನೇ ವರ್ಷ, ಕೆಲಸವಿಲ್ಲದೆ ತಿಂಗಳುಗಟ್ಟಲೆ ಬೀರುವಿನಲ್ಲಿ ಬಟ್ಟೆ ಮಧ್ಯೆ ಇಟ್ಟಿದ್ದೆ. ಮಳೆಗಾಲ ಮುಗಿದು ತೆಗೆದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್. ತಪ್ಪು ನನ್ನದೇ. ಬಿಚ್ಚಿ ಒರೆಸಿಕೊಡಲು 1,500 ಕೊಟ್ಟೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮೋಟರ್ ಸದ್ದು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗಿದೆ, ವಿಡಿಯೊಗೆ ನಾನು ಬಳಸುವುದೇ ಇಲ್ಲ. ಎರಡನೇ ಕೈ ಲೆನ್ಸ್ ಕೊಳ್ಳುವವರು ಟಾರ್ಚ್ ಹಿಡಿದು ಒಳಗೆ ನೋಡಿಯೇ ದುಡ್ಡು ಕೊಡಿ.

ಇನ್ನು ಗೋಡೆಯ ಮೇಲಿನ ಎರಡನೇ ಫೋಟೊ. ಊರಿನ ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎರಡಡಿ ದೂರದಿಂದ ತೆಗೆದೆ. ಅಷ್ಟು ಹತ್ತಿರದಲ್ಲಿ 1.8 ಇಟ್ಟರೆ ಚೂಪಾಗಿ ಬರುವುದು ಸುಮಾರು 1 ಸೆಂ.ಮೀ. ಆಳ ಮಾತ್ರ. ಫೋಕಸ್ ಕಣ್ಣಿನ ಬದಲು ಮೂಗುಬೊಟ್ಟಿನ ಮೇಲೆ ಕೂತಿತ್ತು. ಕಣ್ಣೆರಡೂ ಮಸುಕು. ಕ್ಲಾಸಿನಲ್ಲಾದರೆ ಇದು ಫೇಲ್. ಆದರೂ ದೊಡ್ಡದು ಮಾಡಿಸಿ ತಂದುಕೊಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಫೋಟೊ ಮೇಲೆ ಬೆರಳಿಟ್ಟು, "ಅಯ್ಯೋ, ಒಂದ್ ಕಲ್ಲೇ ಇಲ್ವಲ್ಲೋ ಮಗ! ಯಾವಾಗ್ ಉದುರ್ತು ಇದು?" ಅಂದರು.

ಏಳು ಕಲ್ಲಿನ ಮೂಗುಬೊಟ್ಟು. ಫೋಟೊದಲ್ಲಿ ಎಣಿಸಿದರೆ ಆರು. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಆವತ್ತು ಹಾಸಿಗೆ ಕೊಡವಿ, ಬಚ್ಚಲು ತಡಕಿ, ಅಕ್ಕಿಯನ್ನೆಲ್ಲ ಮೊರಕ್ಕೆ ಹಾಕಿ ಕೇರಿದ್ದಾಯಿತು. ಸಿಗಲಿಲ್ಲ. ಕೊನೆಗೆ ಆಚಾರ್ರ ಹತ್ತಿರ ಹೊಸ ಕಲ್ಲು ಕೂರಿಸಿಕೊಂಡು ಬಂದು, ಇನ್ನೊಂದು ಫೋಟೊ ತೆಗಿ ಅಂತ ಎದುರಿಗೆ ಕೂತರು. ಈ ಸಲ ಹುಷಾರಾಗಿ ಕಣ್ಣಿಗೇ ಫೋಕಸ್ ಮಾಡಿದೆ. ಒಂದೊಂದು ರೆಪ್ಪೆಯೂ ಎಣಿಸುವ ಹಾಗೆ ಬಂತು. ಮೂಗುಬೊಟ್ಟು ಮಸುಕು.

"ಕಲ್ಲೇ ಕಾಣಾಕಿಲ್ಲ, ಇದ್ಯಾತರ ಪೋಟ" ಅಂತ ಅಜ್ಜಿ ವಾಪಸ್ ಕೊಟ್ಟರು.