ಬೀದರಿನ ಸಂಜೆ ಕನ್ನಡ ತರಗತಿ: ‘ತಾನಾಗಿ’ ಪಾಠ ಹೇಗಿದೆ?

ಬೇರೆ ಊರುಗಳಿಂದ ಬೀದರಿಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರರು, ಏರ್‌ಫೋರ್ಸ್ ಕುಟುಂಬದವರು ಸೇರುವ ತರಗತಿ ಇದು. ಹೆಚ್ಚಿನವರ ಮನೆಮಾತು ಹಿಂದಿ, ದಖನಿ ಉರ್ದು ಇಲ್ಲವೇ ಮರಾಠಿ. ಇವರು ಎಲ್ಲಿ ಎಡವುತ್ತಾರೆ ಎಂಬುದು ಕಲಿಸುವವರಿಗೆ ಚೆನ್ನಾಗಿ ಗೊತ್ತಿದೆ. ಬೇಕೆಂದು ಮಾಡದೆ ಆಗಿಹೋಗುವುದನ್ನು ಹೇಳುವ ಪಾಠದಲ್ಲಿ ಅದು ಎದ್ದು ಕಾಣುತ್ತದೆ.

ಹಿಂದಿಯ ‘ಅಪನೇ ಆಪ್’, ಮರಾಠಿಯ ‘ಆಪೋಆಪ್’ ಯಾರ ವಿಷಯಕ್ಕೆ ಬಂದರೂ ಹಾಗೇ ಇರುತ್ತವೆ. ಕನ್ನಡದಲ್ಲಿ ನಾನಾಗಿ, ನೀನಾಗಿ, ತಾನಾಗಿ, ತಾವಾಗಿ ಎಂದು ರೂಪ ಬದಲಾಗುತ್ತದೆ. ಹೊಸಬರು ‘ನಾನು ತಾನಾಗಿ ನಕ್ಕೆ’ ಎನ್ನುವುದು ಇದಕ್ಕೇ. ಅದನ್ನು ‘ನಾನಾಗಿ ನಕ್ಕೆ’ ಎಂದು ತಿದ್ದಿದರೆ ಅರ್ಥ ಇನ್ನೂ ಕೆಡುತ್ತದೆ, ಬೇಕಂತಲೇ ನಕ್ಕ ಹಾಗಾಗುತ್ತದೆ. ಇಲ್ಲಿ ವಾಕ್ಯವನ್ನೇ ಬಿಚ್ಚಿ ಕಟ್ಟಿಸುತ್ತಾರೆ: ‘ನಾನು’ ತೆಗೆದು ‘ನನಗ’ ಹಾಕು, ‘ನಕ್ಕೆ’ ಬಿಟ್ಟು ‘ನಗು ಬಂತು’ ಅನ್ನು. ಈಗ ಬಂದದ್ದು ನಗು, ‘ತಾನಾಗಿ’ ಅದಕ್ಕೆ ಸರಿಯಾಗಿ ಕೂಡುತ್ತದೆ. ‘ಸೀನು ಬಂತು’, ‘ನಿದ್ದಿ ಹತ್ತಿತು’, ‘ಕಣ್ಣಾಗ ನೀರು ಬಂದವು’ ಎಲ್ಲವೂ ಇದೇ ಅಚ್ಚಿನವು. ನಾಲಿಗೆ ಹೊರಳುವ ತನಕ ಬಾಯಿಂದ ಹೇಳಿಸುತ್ತಾರೆ. ತರಗತಿಯ ಜೀವಾಳವೇ ಇದು.

ಆರು-ಆರಿಸು, ಉಕ್ಕು-ಉಕ್ಕಿಸು ಜೋಡಿಗಳ ಅಭ್ಯಾಸವೂ ಚೆನ್ನಾಗಿದೆ. ‘ದೀಪ ಆರಿತು’ ಎಂದರೆ ಸಾಕು, ಯಾರೂ ಆರಿಸಿಲ್ಲ ಎಂಬುದು ಕ್ರಿಯಾಪದದಲ್ಲೇ ಇದೆ. ಪ್ರತಿ ವಾಕ್ಯಕ್ಕೂ ‘ತಾನಾಗಿ’ ತುರುಕುವ ಚಟ ಇದರಿಂದ ಬಿಡುತ್ತದೆ. ‘ಬಾಗಿಲು ತಾನಾಗೇ ತೆರಕೊಂತು’ ಎಂಬಲ್ಲಿ ಮಾತ್ರ ಅದಕ್ಕೆ ಕೆಲಸ ಉಂಟು: ಯಾರೋ ತೆಗೆದಿರಬಹುದು ಎಂಬ ಅನುಮಾನವನ್ನು ಕಳೆಯುತ್ತದೆ.

ಅಚ್ಚು ಹಾಕಿಸಿ ಕೊಡುವ ಹಾಳೆ ಮಾತ್ರ ಈ ಮಟ್ಟದ್ದಲ್ಲ. ‘ಸ್ವಯಂಚಾಲಿತವಾಗಿ’ಯನ್ನು ‘ತಾನಾಗಿ’ಯ ಪಕ್ಕದಲ್ಲೇ ಕೂರಿಸಿದ್ದಾರೆ. ಅದು ಯಂತ್ರದ ಮಾತು. ಲಿಫ್ಟ್ ಬಾಗಿಲಿಗೆ ನಡೆದೀತು, ಹಾಲು ಉಕ್ಕುವುದಕ್ಕೆ ಸಲ್ಲದು. ‘ಗೊತ್ತಿಲ್ಲದಂಗ’ಕ್ಕೆ ಒಂದೇ ಸಾಲು ಕೊಟ್ಟಿರುವುದಂತೂ ದೊಡ್ಡ ಕೊರತೆ. ಕೆಲಸ ಮಾಡಿದವರು ನಾವೇ, ಆದರೆ ಅರಿವಿರಲಿಲ್ಲ ಎನ್ನುವಾಗ ಅದೇ ಬೇಕು: ‘ಗೊತ್ತಿಲ್ಲದಂಗ ನಿಮ್ಮ ಪೆನ್ನು ಒಯ್ದೀನ್ರಿ’. ಕೌಂಟರಿನಲ್ಲಿ ದಿನಾ ಬೇಕಾಗುವ ಮಾತನ್ನು ಕನಿಷ್ಠ ಅರ್ಧ ಪುಟಕ್ಕಾದರೂ ಹಿಗ್ಗಿಸಬೇಕು.

ಬಂತು, ಬಿತ್ತು, ಹತ್ತಿತು ಎಂಬ ಭೂತಕಾಲದ ರೂಪಗಳು ಬಾಯಿಗೆ ಬಾರದವರು ಮೊದಲು ಇಲ್ಲಿಯದೇ ಆರಂಭದ ತಂಡಕ್ಕೆ ಸೇರಲಿ. ಪಾಠದ ಉದಾಹರಣೆಗಳು ಬಹುಪಾಲು ಅವುಗಳ ಮೇಲೆಯೇ ನಿಂತಿವೆ.