ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ: ಒಬ್ಬರೇ ಹಾಡಿ, ಒಬ್ಬರೇ ಪ್ರಚಾರ ಮಾಡುವವರ ಕಣ್ಣಲ್ಲಿ

ಬಣ್ಣ ತಿದ್ದುವುದರಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಈ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಎಷ್ಟು ಗಟ್ಟಿ ಎಂದು ಹೇಳುವ ವಿಮರ್ಶೆಗಳಿಗೆ ಬರವಿಲ್ಲ. ನನ್ನ ಪ್ರಶ್ನೆ ಬೇರೆ. ಹಾಡು ಬರೆದು, ಹಾಡಿ, ಮಿಕ್ಸ್ ಮಾಡಿ, ಆಮೇಲೆ ಅದರ ಪ್ರಚಾರದ ವಿಡಿಯೊಗಳನ್ನೂ ತಾನೇ ಮಾಡಬೇಕಾದವರು ಸುಸ್ತಾಗಿ ಕೈಬಿಡದೆ ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ಇದು ಒದಗುತ್ತದೆಯೇ? ಹಲವು ಬಿಡುಗಡೆಗಳನ್ನು ಇದರಲ್ಲೇ ದಾಟಿಸಿದ ಮೇಲೆ ನನ್ನ ಉತ್ತರ: ಒದಗುತ್ತದೆ, ಆದರೆ ಎಲ್ಲರೂ ಹೊಗಳುವ ಕಾರಣಕ್ಕಲ್ಲ.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ಡೆಲಿವರ್ ಪುಟದ ರೆಂಡರ್ ಕ್ಯೂ, ಅಂದರೆ ಕತ್ತರಿಸಿದ ವಿಡಿಯೊಗಳನ್ನು ಒಂದಾದ ಮೇಲೊಂದು ಫೈಲ್ ಆಗಿ ಹೊರತೆಗೆಯುವ ಸರದಿ. ಒಂದೊಂದು ತುಣುಕನ್ನೂ ಅದರದರ ಅಳತೆಯೊಂದಿಗೆ ಕ್ಯೂಗೆ ಸೇರಿಸುತ್ತಾ ಹೋಗಿ, ಕೊನೆಗೆ 'ರೆಂಡರ್ ಆಲ್' ಒತ್ತಿ ಎದ್ದು ಹೋಗಬಹುದು. ಇದೇನು ದೊಡ್ಡ ಸಂಗತಿ ಎನ್ನಿಸಬಹುದು. ಆದರೆ ಪ್ರಚಾರದ ಕೆಲಸದಲ್ಲಿ ಜೀವ ಹಿಂಡುವುದು ಎಡಿಟಿಂಗ್ ಅಲ್ಲ, ದಿನಾ ಒಂದೊಂದು ತುಣುಕಿಗಾಗಿ ಮತ್ತೆ ಕಂಪ್ಯೂಟರ್ ಮುಂದೆ ಕೂರುವುದು. ರಿಯಾಜ್‌ಗೆ ಕೂರಬೇಕಾದ ಬೆಳಿಗ್ಗೆ 'ಇವತ್ತು ಏನು ಹಾಕಲಿ' ಎಂಬ ಯೋಚನೆ ತಲೆಗೆ ಹೊಕ್ಕರೆ ಆ ದಿನದ ಶ್ರುತಿಯೇ ಕೆಟ್ಟಂತೆ. ಈಗ ಒಂದು ಹಾಡಿನ ಎಲ್ಲ ತುಣುಕುಗಳೂ ಒಂದೇ ಪಟ್ಟಿನಲ್ಲಿ ಹೊರಬರುತ್ತವೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ದಿನಾಂಕ, ಸಮಯ ಕೊಟ್ಟು ಶೆಡ್ಯೂಲ್ ಮಾಡಿಬಿಟ್ಟರೆ ಆ ಗಳಿಗೆವರೆಗೂ ಅವು ಪ್ರೈವೇಟ್ ಆಗಿ ಕಾಯುತ್ತಿರುತ್ತವೆ. ಕಲಾವಿದರಿಗೆಂದೇ ಇರುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಹಾಡನ್ನು ಬಿಡುಗಡೆಗೆ 7 ದಿನ ಮೊದಲಾದರೂ ಪಿಚ್ ಮಾಡಿದರೆ (ಪ್ಲೇಲಿಸ್ಟ್ ಸಂಪಾದಕರ ಮುಂದಿಟ್ಟರೆ) ಫಾಲೋವರ್‌ಗಳ ರಿಲೀಸ್ ರಾಡಾರ್ ಎಂಬ ಹೊಸ ಹಾಡುಗಳ ಪ್ಲೇಲಿಸ್ಟ್‌ಗೆ ಸೇರುತ್ತದಲ್ಲ, ನಾನು ಅದೇ ದಿನವನ್ನು ಗಡುವು ಮಾಡಿಕೊಂಡಿದ್ದೇನೆ. ಪಿಚ್ ಕಳಿಸುವ ಹೊತ್ತಿಗೆ ವಿಡಿಯೊಗಳೂ ಮುಗಿದಿರಬೇಕು. ಮುಗಿಯದಿದ್ದವು ಬೇಡ.

ಎರಡನೆಯದು ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ನಕಲು. ಅಡ್ಡ ಚೌಕಟ್ಟಿನ 1920x1080ರಲ್ಲಿ ಪೂರ್ತಿ ಹಾಡನ್ನು ಒಮ್ಮೆ ಕತ್ತರಿಸಿಟ್ಟು, ಅದರ ಪ್ರತಿ ತೆಗೆದು ನಿಂತ ಚೌಕಟ್ಟಿನ 1080x1920ಕ್ಕೆ ತಿರುಗಿಸಿ, ಬೇಕಾದ ಸಾಲನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಹಾಡು ಓಡುತ್ತಿರುವಾಗ ಎಂ ಕೀ ಒತ್ತುತ್ತಾ ಹೋದರೆ ತಾಳದ ಮೇಲೆ ಗುರುತು ಬೀಳುತ್ತದೆ. ವಾದ್ಯ ನುಡಿಸುವವರ ಬೆರಳಿಗೆ ಇದು ಮೌಸ್‌ಗಿಂತ ಬೇಗ ಒಗ್ಗುತ್ತದೆ. ಚಿತ್ರೀಕರಣದಲ್ಲಿ ಫೋನ್ ಹಿಡಿದ ಸದ್ದನ್ನೂ ಮಾಸ್ಟರ್ ಆಡಿಯೊವನ್ನೂ ಅಲೆಯ ಆಕಾರ ನೋಡಿ ತಾನೇ ಹೊಂದಿಸಿಕೊಳ್ಳುವ ಸೌಲಭ್ಯ ಉಚಿತ ಆವೃತ್ತಿಯಲ್ಲೇ ಇದೆ. ಅದಕ್ಕಾಗಿ ಹಾಡನ್ನು ಸ್ಪೀಕರ್‌ನಲ್ಲಿ ಜೋರಾಗಿ ಹಾಕಿಯೇ ಚಿತ್ರೀಕರಿಸಬೇಕು. ಇಯರ್‌ಫೋನ್‌ನಲ್ಲಿ ಕೇಳುತ್ತಾ ತುಟಿ ಆಡಿಸಿದರೆ ಫೋನಿಗೆ ಹಾಡು ಕೇಳುವುದಿಲ್ಲ, ಹೊಂದಿಸುವುದಕ್ಕೂ ಏನೂ ಇರುವುದಿಲ್ಲ.

ತುಟಿ ಆಡಿಸುವ ಮಾತು ಬಂತು ಎಂದು ಹೇಳುತ್ತೇನೆ: ಬರೀ ಬಾಯಿ ತೆರೆದು ಮುಚ್ಚಿದರೆ ಕುತ್ತಿಗೆಯ ನರ ಅಲುಗುವುದಿಲ್ಲ, ಎದೆ ಏರುವುದಿಲ್ಲ, ನೋಡುವವರಿಗೆ ಸುಳ್ಳು ಎಂದು ತಕ್ಷಣ ಗೊತ್ತಾಗುತ್ತದೆ. ಹಾಗೆಂದು ಪ್ರತಿ ಟೇಕ್‌ಗೂ ಪೂರ್ತಿ ಕಂಠ ಬಿಟ್ಟು ಹಾಡಿದರೆ ಮರುದಿನ ಗಂಟಲು ಹಿಡಿಯುತ್ತದೆ. ಅರ್ಧ ದನಿಯಲ್ಲಿ, ಉಸಿರನ್ನು ಮಾತ್ರ ನಿಜವಾಗಿ ತೆಗೆದುಕೊಂಡು ಹಾಡುವುದು ನನಗೆ ಸರಿಹೋಗಿದೆ. ತಾರಸ್ಥಾಯಿಯ ಸಾಲುಗಳನ್ನು ಮೊದಲೇ ಮುಗಿಸಿಕೊಂಡು, ಕೈ, ವಾದ್ಯ, ಬರೆದ ಹಾಳೆಯ ಹತ್ತಿರದ ಶಾಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಮುಖ ಹೇಗೂ ಬಾಡಿರುತ್ತದೆ.

ಇನ್ನು ಮಿತಿಗಳು. ಅಡ್ಡ ದೃಶ್ಯವನ್ನು ಉದ್ದಕ್ಕೆ ತಿರುಗಿಸುವಾಗ ಮುಖವನ್ನು ತಾನೇ ಹಿಂಬಾಲಿಸುವ ಸ್ಮಾರ್ಟ್ ರಿಫ್ರೇಮ್ ಬೇಕಾದರೆ ಹಣ ಕೊಟ್ಟು ಸ್ಟುಡಿಯೊ ಆವೃತ್ತಿಯನ್ನೇ ಕೊಳ್ಳಬೇಕು, ಉಚಿತದಲ್ಲಿ ಕೈಯಿಂದಲೇ ಸರಿಸಬೇಕು. ಪ್ರಾಜೆಕ್ಟ್‌ಗೆ ಕ್ಲಿಪ್ ಸೇರಿಸಿದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಬದಲಿಸಲು ಬರುವುದಿಲ್ಲ, ಆದ್ದರಿಂದ ಮೊದಲ ಕ್ಲಿಪ್ ಎಳೆದು ಹಾಕುವ ಮುಂಚೆಯೇ ಸೆಟ್ಟಿಂಗ್ಸ್ ನೋಡಿಕೊಳ್ಳಿ. ಸಾಧಾರಣ ಲ್ಯಾಪ್‌ಟಾಪ್‌ಗೆ ಇದು ಭಾರವೇ. ಪ್ರಾಕ್ಸಿ (ಎಡಿಟಿಂಗ್‌ಗಷ್ಟೇ ಬಳಸುವ ಹಗುರ ಪ್ರತಿ) ಮಾಡಿಕೊಳ್ಳದೆ 4ಕೆ ಮುಟ್ಟಬೇಡಿ. ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264 ಎಂಬ ವಿಡಿಯೊ ಫಾರ್ಮ್ಯಾಟ್ ಓದುವುದಿಲ್ಲ, ಅಂದರೆ ಬಹುತೇಕ ಫೋನ್ ವಿಡಿಯೊಗಳನ್ನು ಮೊದಲೇ ಬೇರೆ ಫಾರ್ಮ್ಯಾಟ್‌ಗೆ ಬದಲಿಸಿಕೊಳ್ಳಬೇಕು. ಅಲ್ಟ್ರಾ ಎಚ್‌ಡಿವರೆಗೂ ರೆಂಡರ್ ಮಾಡಬಹುದು, ಸ್ಟುಡಿಯೊಗೆ ಮೀಸಲಾದ ಎಫೆಕ್ಟ್ ಹಾಕದಿದ್ದರೆ ವಾಟರ್‌ಮಾರ್ಕ್ ಕಾಟವಿಲ್ಲ. ಪ್ರಚಾರದ ವಿಡಿಯೊಗೆ ಅಷ್ಟು ಧಾರಾಳ.

ಒಂದು ಅಪಾಯ ಸಾಫ್ಟ್‌ವೇರ್‌ನದ್ದಲ್ಲ, ಅದರ ಧಾರಾಳತನದ್ದು. ಎಫೆಕ್ಟ್‌ಗಳಿಗೆ ಫ್ಯೂಷನ್, ಸದ್ದಿಗೆ ಫೇರ್‌ಲೈಟ್, ಬಣ್ಣಕ್ಕೆ ಕಲರ್ ಎಂದು ಒಂದೊಂದು ಪುಟವೂ ಒಂದೊಂದು ಲೋಕ. ನಿಮ್ಮ ಮಿಕ್ಸ್ ಆಗಲೇ ಮುಗಿದಿದ್ದರೆ ಫೇರ್‌ಲೈಟ್‌ನಲ್ಲಿ ಮತ್ತೆ ಈಕ್ಯೂ (ಸ್ವರದ ಏರಿಳಿತ ತಿದ್ದುವ ಸಾಧನ) ಹಚ್ಚಬೇಡಿ, ಸದ್ದನ್ನೂ ಏರಿಸಬೇಡಿ. ಯೂಟ್ಯೂಬ್ ಹೇಗೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಸದ್ದಿನ ಜೋರು ಅಳೆಯುವ ಮಾನ) ಜೋರಾದ ಸದ್ದನ್ನು ತಗ್ಗಿಸಿಯೇ ಕೇಳಿಸುತ್ತದೆ. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್‌ಗೆ 3 ನಿಮಿಷದವರೆಗೆ ಅವಕಾಶವಿದೆ ಎಂದು ಅಷ್ಟನ್ನೂ ತುಂಬಿಸಲು ಹೊರಡುವುದೂ ಇಂಥದ್ದೇ. ಪಲ್ಲವಿಯ ಎರಡು ಸಾಲು ಸಾಕಾಗುವ ಕಡೆ ಚರಣದವರೆಗೂ ಎಳೆದರೆ ಎಡಿಟ್ ಮಾಡುವ ಹೊತ್ತು ಬೆಳೆಯುತ್ತದೆಯೇ ಹೊರತು ಹಾಡಿಗೇನೂ ಸಿಗುವುದಿಲ್ಲ. ಹಾಡು ನುಡಿಯುವಾಗ ಕಾಣುವ ಸ್ಪಾಟಿಫೈ ಕ್ಯಾನ್ವಾಸ್‌ಗೆ ಬೇಕಿರುವುದು 3ರಿಂದ 8 ಸೆಕೆಂಡಿನ, ನಿಂತ ಚೌಕಟ್ಟಿನ ಲೂಪ್. ತಂತಿ ಮೀಟುವ ಕೈಯ ಒಂದು ಶಾಟ್ ಇದ್ದರೆ ಆ ಕೆಲಸ ಮುಗಿಯಿತು.

ಫೋನಿನಲ್ಲೇ ಕತ್ತರಿಸಿ ಆಗಿಂದಾಗಲೇ ಹಾಕುವ ಅಭ್ಯಾಸ ನಿಮಗೆ ಒಗ್ಗಿದ್ದರೆ ಇದರ ಗೋಜಿಗೆ ಬರಬೇಡಿ, ಕಲಿಯುವುದಕ್ಕೇ ಸಾಕಷ್ಟು ವಾರ ಹಿಡಿಯುತ್ತದೆ. ಒಂದು ಹಾಡಿಗೆ ಒಂದು ದಿನ ಚಿತ್ರೀಕರಿಸಿ, ಒಂದೆರಡು ದಿನ ಕತ್ತರಿಸಿ, ಉಳಿದ ದಿನಗಳನ್ನು ಮುಂದಿನ ಹಾಡಿಗೆ ಇಟ್ಟುಕೊಳ್ಳಬೇಕು ಎನ್ನುವವರು ಮಾತ್ರ ಇಳಿಸಿಕೊಳ್ಳಿ. ಮೊದಲು ಎಡಿಟ್ ಮತ್ತು ಡೆಲಿವರ್ ಎರಡೇ ಪುಟ ಕಲಿಯಿರಿ. ನನ್ನಿಂದ ಐದಕ್ಕೆ ನಾಲ್ಕು.